ಹುಣಸೆಯ ಹುಳಿ, ಅಪ್ಪನ ಕ್ಯಾಪ್ಸೂಲ್

ಕಳೆದ ಮಳೆಗಾಲದಲ್ಲಿ ಅಪ್ಪನ ಸೊಂಟದ ಸುತ್ತ ಹುಳುಕಡ್ಡಿ ಎದ್ದಿತ್ತು. ತೀರ್ಥಹಳ್ಳಿ ಕಡೆಯ ಮಳೆ, ದಿನವಿಡೀ ಒದ್ದೆ ಬಟ್ಟೆಯಲ್ಲಿ ತೋಟದ ಕೆಲಸ. ರಾತ್ರಿ ಕೆರೆತಕ್ಕೆ ನಿದ್ದೆಯಿಲ್ಲ. ವೈದ್ಯರು ಇಟ್ರಾಕೊನಜೋಲ್ ಬರೆದುಕೊಟ್ಟರು. ಮೂರು ವಾರ ನುಂಗಿದರೂ ಗುಣವಿಲ್ಲ. "ನಿನ್ ಕೆಮಿಸ್ಟ್ರಿ ಎಂತ ಹೇಳ್ತದೆ ಮಾರಾಯ?" ಎಂದು ಅಪ್ಪ ಫೋನಿನಲ್ಲಿ ಕೆಣಕಿದರು.

ನಾನಾಗ ಎಂ.ಎಸ್ಸಿ. ಓದುತ್ತಿದ್ದೆ. ಊರಿಗೆ ಹೋದಾಗ ಒಂದು ಕ್ಯಾಪ್ಸೂಲ್ ಬಿಚ್ಚಿ ಲೋಟದ ನೀರಿಗೆ ಸುರಿದೆ. ಗಸಗಸೆಗಿಂತ ತುಸು ದಪ್ಪನೆಯ ಗುಂಡುಗಳು ತಳಕ್ಕೆ ಕೂತವು; ಕಾಫಿ ಕುಡಿದು ಬಂದು ನೋಡಿದರೂ ಅಲ್ಲೇ ಇದ್ದವು. ಈ ಔಷಧಿಗೂ ನೀರಿಗೂ ಆಗಿಬರುವುದಿಲ್ಲ. ಅದು ಕರಗಲು ಹೊಟ್ಟೆಯ ಆಮ್ಲ ಬೇಕು. ಅಪ್ಪ ಎಷ್ಟೋ ವರ್ಷಗಳಿಂದ ಬೆಳಗ್ಗೆದ್ದ ಕೂಡಲೇ ನುಂಗುತ್ತಿದ್ದದ್ದು ಆ ಆಮ್ಲವನ್ನೇ ಇಳಿಸುವ ಗ್ಯಾಸ್ ಮಾತ್ರೆ! ವೈದ್ಯರಿಗೆ ಅದನ್ನು ಹೇಳಿರಲೇ ಇಲ್ಲ. ಗ್ಯಾಸ್ ಮಾತ್ರೆಯನ್ನು ಅಪ್ಪ ಔಷಧಿಯೆಂದು ಎಣಿಸಿದವರೇ ಅಲ್ಲ. ಪಕ್ಕದಲ್ಲೇ ಕೂತು ನೋಡಿದ ನನಗೂ ಹೊಳೆದಿರಲಿಲ್ಲ. ಆ ನಾಚಿಕೆ ಇನ್ನೂ ಇದೆ.

ಅದೇ ಗುಂಗಿನಲ್ಲಿ ಹುಡುಕುವಾಗ 2003ರ ಸಂಶೋಧನಾ ಲೇಖನವೊಂದು ಸಿಕ್ಕಿತು. ಅಮೆರಿಕದ ವಿಜ್ಞಾನಿಗಳು ಇದೇ ಔಷಧಿಯನ್ನು ಕೆಲವು ಹುಳಿಗಳ ಜೊತೆ ಸಹಸ್ಫಟಿಕವಾಗಿಸಿದ್ದರು. ಔಷಧಿಯ ಅಣು ಬದಲಾಗುವುದಿಲ್ಲ. ಪಕ್ಕದಲ್ಲಿ ಕೂರುವ ಜೊತೆಗಾರ ಮಾತ್ರ ಹೊಸಬ. ಇಟ್ರಾಕೊನಜೋಲ್‌ನ ಎರಡು ಉದ್ದನೆಯ ಅಣುಗಳು ಎದುರುಬದುರಾಗಿ ಮಲಗಿ ನಡುವೆ ಸಂದು ಬಿಡುತ್ತವೆ. ಆ ಸಂದಿಗೆ ಹುಳಿಯ ಅಣುವೊಂದು ಹೊಕ್ಕು, ಹೈಡ್ರೋಜನ್ ಬಂಧದಿಂದ ಎರಡು ಕಡೆಯೂ ಕೈಹಿಡಿಯುತ್ತದೆ. ಫ್ಯೂಮರಿಕ್ ಆಮ್ಲ ಹೊಂದಿತು. ಅವೇ ಪರಮಾಣುಗಳಿರುವ, ಆದರೆ ಮೈ ಬಾಗಿದ ಮಲೇಯಿಕ್ ಆಮ್ಲ ಹೊಂದಲಿಲ್ಲ. ಸೇಬಿನ ಮ್ಯಾಲಿಕ್ ಆಮ್ಲದ ಜೊತೆ ಕಟ್ಟಿದ ಹರಳು ಮಾರುಕಟ್ಟೆಯ ಕ್ಯಾಪ್ಸೂಲಿಗೆ ಸರಿಸಾಟಿಯಾಗಿ ಕರಗಿತು. ಹೊಂದಿದವರ ಪಟ್ಟಿಯಲ್ಲಿ ಟಾರ್ಟಾರಿಕ್ ಆಮ್ಲವೂ ಇತ್ತು, ನಮ್ಮ ಹುಣಸೆಯ ಹುಳಿ!

ಅಪ್ಪನಿಗೆ ಹೇಳಿದೆ. "ಹಾಗಾದ್ರೆ ಸಾರಿಗೆ ಇನ್ನೊಂದು ಹಿಡಿ ಹುಣಸೆಹಣ್ಣು ಹಾಕಿದ್ರೆ ಸಾಕಲ್ಲ?" ಎಂದರು. ಸಾಕಾಗುವುದಿಲ್ಲ. ಹರಳು ಕಟ್ಟುವುದು ಅಣುಗಳು ಒಂದೊಂದಾಗಿ ಸಾಲಾಗಿ ಕೂತಾಗ, ಸಾರಿನ ಪಾತ್ರೆಯಲ್ಲಲ್ಲ. ಅದೂ ಅಲ್ಲದೆ ಆ ಪ್ರಯೋಗ ನಡೆದದ್ದು ಆಮ್ಲದಲ್ಲೇ. ಗ್ಯಾಸ್ ಮಾತ್ರೆಯ ಹೊಟ್ಟೆಗೆ ಅದು ಪರಿಹಾರವೆಂದು ಹೇಳುವಂತಿಲ್ಲ.

ಮರುದಿನ ಇಬ್ಬರೂ ವೈದ್ಯರಲ್ಲಿಗೆ ಹೊರಟೆವು. ಬಸ್ಸು ಬಂದ ಮೇಲೆ ಅಪ್ಪ, "ತಡಿ" ಎಂದು ಒಳಗೋಡಿ, ದೇವರ ಗೂಡಿನ ಪಕ್ಕ ಇಟ್ಟಿದ್ದ ಗ್ಯಾಸ್ ಮಾತ್ರೆಯ ಸ್ಟ್ರಿಪ್ಪನ್ನು ಅಂಗಿ ಜೇಬಿಗೆ ಹಾಕಿಕೊಂಡು ಬಂದರು.