ಡೌನ್ ಮನೆಯ ಮರಳುಹಾದಿ

ಲಂಡನ್ನಿನ ಗದ್ದಲದಿಂದ ಹೊರಟು, ಬ್ರಾಮ್ಲಿಯಲ್ಲೋ ಆರ್ಪಿಂಗ್ಟನ್ನಿನಲ್ಲೋ ರೈಲಿನಿಂದಿಳಿದು, ಅಲ್ಲಿಂದ ಬಸ್ಸು ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಊರಿನ ಚಹರೆಯೇ ಬದಲಾಗುತ್ತದೆ. ಎರಡು ಕಡೆಯೂ ಎತ್ತರವಾಗಿ ಬೆಳೆದ ಬೇಲಿ. ನಡುವೆ, ಎದುರಿನಿಂದ ಇನ್ನೊಂದು ವಾಹನ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕಾದಷ್ಟು ಇಕ್ಕಟ್ಟಾದ ರಸ್ತೆ. ಬೇಲಿಯಾಚೆ ಸುಣ್ಣಕಲ್ಲಿನ ದಿಣ್ಣೆಗಳ ಮೇಲೆ ಹಬ್ಬಿದ ಹುಲ್ಲುಗಾವಲು. ಅವುಗಳ ಮಧ್ಯೆ ಡೌನ್ ಎಂಬ ಹಳ್ಳಿ. 1965ರಿಂದ ಅದು ಲಂಡನ್ ಮಹಾನಗರದ ಲೆಕ್ಕಕ್ಕೆ ಸೇರಿದೆ. ಆದರೆ ಆ ಸಂಗತಿ ಅಲ್ಲಿನ ಹೊಲಗಳಿಗೆ ಇನ್ನೂ ತಿಳಿದಂತೆ ಕಾಣುವುದಿಲ್ಲ. ಚಕಮಕಿ ಕಲ್ಲಿನಿಂದ ಕಟ್ಟಿದ ಪುಟ್ಟ ಇಗರ್ಜಿಯ ಗೋಪುರದಲ್ಲಿ ಒಂದು ನೆರಳುಗಡಿಯಾರವಿದೆ. ಊರಿನಲ್ಲಿ ಬಾಳಿಹೋದ ಒಬ್ಬ ಮಹನೀಯನ ನೆನಪಿಗಾಗಿ ಅದನ್ನು ಅಲ್ಲಿ ಇರಿಸಿದ್ದಾರೆ. ಹೊತ್ತನ್ನು ಅಷ್ಟೊಂದು ಬಿಗಿಯಾಗಿ ಹಿಡಿದು ಬದುಕಿದವನಿಗೆ ಅದಕ್ಕಿಂತ ತಕ್ಕ ಸ್ಮಾರಕ ಸಿಕ್ಕುವುದು ಕಷ್ಟ.

ಅವನೇ ಚಾರ್ಲ್ಸ್ ಡಾರ್ವಿನ್. ಬೀಗಲ್ ಹಡಗಿನಲ್ಲಿ ಐದು ವರ್ಷ ಲೋಕ ಸುತ್ತಿ ಬಂದ ಆ ತರುಣ, 1842ರ ಸೆಪ್ಟೆಂಬರಿನಲ್ಲಿ, ತನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ, ಮಡದಿಮಕ್ಕಳೊಡನೆ ಈ ಊರಿಗೆ ಬಂದು ನೆಲಸಿದನು. ಆಮೇಲೆ ಅವನು ಬ್ರಿಟನ್ನನ್ನು ಬಿಟ್ಟು ಹೊರಗೆ ಹೋಗಲೇ ಇಲ್ಲ. ಅವನು ನಲವತ್ತು ವರ್ಷ ಬಾಳಿದ ಡೌನ್ ಹೌಸ್ ಹಳ್ಳಿಯ ನಡುವಿನಿಂದ ಹತ್ತು ನಿಮಿಷದ ನಡಿಗೆಯಷ್ಟು ದೂರ. 1929ರಲ್ಲಿ ಅದು ಮೊದಲ ಬಾರಿಗೆ ವಸ್ತುಸಂಗ್ರಹಾಲಯವಾಗಿ ತೆರೆಯಿತು; 1996ರಿಂದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಆರೈಕೆಯಲ್ಲಿದೆ.

ಮನೆ ಅರಮನೆಯೇನಲ್ಲ. ಹೊರಗಿನಿಂದ ನೋಡಿದರೆ ಸ್ಥಿತಿವಂತರ ಸಾಧಾರಣ ಹಳ್ಳಿಮನೆ. ಆದರೆ ಅವನ ಓದುಕೋಣೆಯ ಬಾಗಿಲಲ್ಲಿ ಪ್ರವಾಸಿಗಳ ಮಾತು ತಾನಾಗಿ ತಗ್ಗುತ್ತದೆ. ಉದ್ದ ಕಾಲುಗಳಿಗೆ ಗಾಲಿ ಹಾಕಿಸಿದ ಒರಗುಕುರ್ಚಿ, ಅದರ ಎರಡು ಕೈಗಳ ಮೇಲೆ ಅಡ್ಡಲಾಗಿ ಇಟ್ಟುಕೊಳ್ಳುವ ಹಲಗೆ: ಅದೇ ಅವನ ಬರೆಯುವ ಮೇಜು. ನಶ್ಯದ ಚಟವಿದ್ದ ಡಾರ್ವಿನ್ನನು ನಶ್ಯದ ಭರಣಿಯನ್ನು ಮಾತ್ರ ಈ ಕೋಣೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಹೊರಗಿನ ಹಜಾರದ ಮೇಜಿನ ಮೇಲಿರಿಸಿದ್ದನು. ಒಂದು ಚಿಟಿಕೆ ಬೇಕೆಂದರೆ ಎದ್ದು ಅಲ್ಲಿಯವರೆಗೆ ನಡೆಯಬೇಕು! ತನ್ನ ಮನಸ್ಸಿನ ಮೇಲೆ ತಾನೇ ಹಾಕಿಕೊಂಡ ಈ ಸಣ್ಣ ಸುಂಕದ ಕಟ್ಟೆಯನ್ನು ಅರಿತುಕೊಂಡರೆ ಅವನ ದಿನಚರಿಯೆಲ್ಲ ಅರ್ಥವಾದಂತೆಯೇ.

ಆ ದಿನಚರಿಯನ್ನು ಮಗ ಫ್ರಾನ್ಸಿಸನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಳಗ್ಗೆ ಬೇಗನೆ ಎದ್ದು ಸ್ವಲ್ಪ ತಿರುಗಾಟ. ಮುಕ್ಕಾಲು ಗಂಟೆ ಕಳೆದು ಒಂಟಿಯಾಗಿ ಉಪಾಹಾರ. ಎಂಟರಿಂದ ಒಂಬತ್ತೂವರೆಯವರೆಗೆ ಕೆಲಸ. ದಿನದಲ್ಲಿ ಅವನ ಬುದ್ಧಿ ಅತ್ಯಂತ ಚುರುಕಾಗಿರುತ್ತಿದ್ದುದು ಆಗಲೇ. ಅನಂತರ ನಡುಮನೆಯಲ್ಲಿ ಸೋಫಾದ ಮೇಲೆ ಒರಗಿ, ಬಂದ ಕಾಗದಗಳನ್ನು ಓದಿಸಿ ಕೇಳುವುದು. ಹತ್ತೂವರೆಯಿಂದ ಹನ್ನೆರಡರವರೆಗೆ ಮತ್ತೆ ಕೆಲಸ. ಮಳೆಯಿರಲಿ ಬಿಸಿಲಿರಲಿ, ಹನ್ನೆರಡಕ್ಕೆ ಗಾಜಿನ ಮನೆಯ ಗಿಡಗಳನ್ನು ನೋಡಿಕೊಂಡು ನಡೆಯಲು ಹೊರಡುವುದು. ಊಟ, ವೃತ್ತಪತ್ರಿಕೆ, ಪತ್ರಗಳಿಗೆ ಉತ್ತರ. ಮೂರಕ್ಕೆ ವಿಶ್ರಾಂತಿ; ಮಡದಿ ಎಮ್ಮಾ ಗಟ್ಟಿಯಾಗಿ ಕಾದಂಬರಿ ಓದುವಳು, ಅವನು ಕೇಳುವನು. ನಾಲ್ಕಕ್ಕೆ ಮತ್ತೆ ನಡಿಗೆ. ನಾಲ್ಕೂವರೆಯಿಂದ ಐದೂವರೆಯವರೆಗೆ ಕೊನೆಯ ಕೆಲಸ. ರಾತ್ರಿ ನಮ್ಮ ಪಗಡೆಯಂತೆ ದಾಳ ಹಾಕಿ ಆಡುವ ಬ್ಯಾಕ್‌ಗಾಮನ್ ಆಟ, ಗಂಡಹೆಂಡಿರ ನಡುವೆ, ಎರಡೇ ಎರಡು. ಆ ಆಟಗಳಿಗೂ ಲೆಕ್ಕವಿಟ್ಟಿದ್ದನು ಮಹಾರಾಯ! 1876ರಲ್ಲಿ ಅಮೆರಿಕದ ಗೆಳೆಯನಿಗೆ ಬರೆದ ಪತ್ರದ ಪ್ರಕಾರ ಎಮ್ಮಾ ಗೆದ್ದದ್ದು 2490, ತಾನು ಗೆದ್ದದ್ದು 2795.

ಕೆಲಸದ ಹೊತ್ತನ್ನೆಲ್ಲ ಕೂಡಿಸಿದರೆ ದಿನಕ್ಕೆ ನಾಲ್ಕು ಗಂಟೆಯಾಗುತ್ತದೆ, ಅಷ್ಟೆ. ಅಷ್ಟರಲ್ಲಿ ಲೋಕದ ಆಲೋಚನೆಯನ್ನೇ ತಿರುಗಿಸಿದ ಗ್ರಂಥಗಳು ಹುಟ್ಟಿದವು. ಇದು ಗೀಳಲ್ಲ, ನಿರ್ವಾಹವಿಲ್ಲದ ಏರ್ಪಾಡು. ಲೋಕಯಾತ್ರೆಯಿಂದ ಮರಳಿದ ಕೆಲವೇ ಕಾಲದಲ್ಲಿ ಹೊಟ್ಟೆಯ ತೊಳಸಾಟ, ವಾಂತಿ, ಎದೆಬಡಿತ, ನಿತ್ರಾಣಗಳು ಅವನನ್ನು ಹಿಡಿದವು. ಅದು ಯಾವ ರೋಗವೆಂಬುದನ್ನು ಇಂದಿಗೂ ವೈದ್ಯರು ಚರ್ಚಿಸುತ್ತಲೇ ಇದ್ದಾರೆ. ಅತಿಥಿಗಳೊಡನೆ ಅರ್ಧ ಗಂಟೆ ಹೆಚ್ಚು ಮಾತನಾಡಿದರೆ ರಾತ್ರಿಯೆಲ್ಲ ನಿದ್ರೆಯಿಲ್ಲ. ಹೀಗಾಗಿ ವಾರದ ಏಳು ದಿನಗಳೂ ಅವನಿಗೆ ಒಂದೇ ಅಚ್ಚಿನವು. ಭಾನುವಾರವೂ ಸೋಮವಾರದಂತೆಯೇ, ಅದೇ ಕೆಲಸ, ಅದೇ ಬಿಡುವು. ಸಣ್ಣ ಗಂಟಿನಿಂದ ಸಂಸಾರ ತೂಗಿಸುವ ಗೃಹಿಣಿ ಕಾಸು ಕಾಸಿಗೂ ಲೆಕ್ಕವಿಡುವಂತೆ ಅವನು ನಿಮಿಷಗಳಿಗೆ ಲೆಕ್ಕವಿಟ್ಟನು. ಹತ್ತೇ ನಿಮಿಷ ಉಳಿದಿದ್ದರೆ, ಇಷ್ಟರಲ್ಲಿ ಏನಾದೀತೆಂದು ಸುಮ್ಮನೆ ಕೂರುವ ಜಾಯಮಾನ ಅವನದಲ್ಲ.

ಈ ಕ್ರಮದ ಖರ್ಚನ್ನು ಹೊತ್ತವರು ಬೇರೆಯವರೂ ಇದ್ದರೆಂಬುದನ್ನು ಮರೆಯಬಾರದು. ಪಿತ್ರಾರ್ಜಿತದ ಬಲವಿದ್ದುದರಿಂದ ಅವನು ಹೊಟ್ಟೆಪಾಡಿಗಾಗಿ ಯಾರ ಬಾಗಿಲಿಗೂ ಹೋಗಬೇಕಾಗಲಿಲ್ಲ, ಮನೆತುಂಬ ಆಳುಕಾಳುಗಳಿದ್ದರು, ಎಲ್ಲಕ್ಕೂ ಮಿಗಿಲಾಗಿ ಎಮ್ಮಾ ಇದ್ದಳು. ಹತ್ತು ಮಕ್ಕಳನ್ನು ಹೆತ್ತು, ಮೂವರನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡ ಆ ತಾಯಿಗೆ ಯಾವ ವೇಳಾಪಟ್ಟಿಯೂ ಇದ್ದಂತಿಲ್ಲ. ಮಕ್ಕಳಿಗಂತೂ ಅಪ್ಪನ ಗಡಿಯಾರ ಒಗಟೇ ಸರಿ. ನಾಲ್ಕು ವರ್ಷದ ಮಗನೊಬ್ಬನು ಕೆಲಸದ ವೇಳೆಯಲ್ಲಿ ಕೋಣೆಗೆ ಬಂದು, ಹೊರಗೆ ಬಂದು ಆಡಿದರೆ ಆರು ಪೆನ್ನಿ ಕೊಡುವೆನೆಂದು ಆಸೆ ತೋರಿಸಿದ್ದನಂತೆ! ಕತ್ತರಿ ಬೇಕು, ದಾರ ಬೇಕು, ಅಳತೆಕೋಲು ಬೇಕು ಎಂದು ಹುಡುಗರು ಒಂದೇ ಸಮನೆ ನುಗ್ಗುತ್ತಿದ್ದರು. ಅವನು ಗದರುತ್ತಿರಲಿಲ್ಲ, ಇನ್ನೊಮ್ಮೆ ಬಾರದಿದ್ದರೆ ಆಗದೆ ಎಂದು ಸಾವಧಾನವಾಗಿ ಕೇಳುತ್ತಿದ್ದನು. ಕೋಣೆಯ ಬಾಗಿಲಿಗೆ ಅಗಳಿಯಂತೂ ಬೀಳಲಿಲ್ಲ.

ಮನೆಯ ಹಿಂದಣ ತೋಟವನ್ನು ದಾಟಿ ಹೋದರೆ ಮರಳುಹಾದಿ. 1846ರಲ್ಲಿ ನೆರೆಯ ಜಮೀನುದಾರ ಲಬಕನಿಂದ ಒಂದೂವರೆ ಎಕರೆಯ ಪಟ್ಟಿಯನ್ನು ಗೇಣಿಗೆ ಪಡೆದು, ಸುತ್ತಲೂ ಗಿಡ ನೆಡಿಸಿ, ನಡೆಯಲು ದಾರಿ ಮಾಡಿಸಿದನು. ಇಂದು ಹೋದವರೂ ಅಲ್ಲಿ ಸುತ್ತು ಬರಬಹುದು: ಒಂದು ಬದಿಯಲ್ಲಿ ನೆರಳು ಕವಿದ ತೋಪು, ಇನ್ನೊಂದು ಬದಿಯಲ್ಲಿ ಕಣ್ಣು ಬಿಟ್ಟಷ್ಟು ದೂರ ಬಯಲು. ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಬರುವ ಹೆಂಗಸರು ಎಣಿಕೆ ತಪ್ಪದಿರಲೆಂದು ಹುಣಿಸೆಬೀಜ ಇಡುವುದುಂಟಷ್ಟೆ. ಡಾರ್ವಿನ್ನನು ಚಕಮಕಿ ಕಲ್ಲುಗಳನ್ನು ರಾಶಿಯಾಗಿಟ್ಟು, ಸುತ್ತಿಗೊಂದರಂತೆ ಕಾಲಿನಿಂದ ಒದೆದು ಲೆಕ್ಕ ಹಿಡಿಯುತ್ತಿದ್ದನು. ಎಣಿಕೆಯ ಭಾರವನ್ನು ಕಲ್ಲುಗಳಿಗೆ ಒಪ್ಪಿಸಿದ್ದರಿಂದ ತಲೆ ಹಗುರ, ಕಣ್ಣಿಗೆ ಬಿಡುವು. ನಡುವೆ ಹಕ್ಕಿಯೊಂದು ಕಂಡರೆ ಕಂಬದಂತೆ ನಿಂತುಬಿಡುವನು. ಒಮ್ಮೆ ಹಾಗೆ ನಿಂತಿದ್ದಾಗ ಅಳಿಲಿನ ಮರಿಗಳು ಅವನನ್ನು ಮರವೆಂದೇ ಬಗೆದು ಕಾಲಿನಿಂದ ಬೆನ್ನಿಗೆ ಏರಿದವು. ತಾಯಳಿಲು ಮರದ ಮೇಲಿನಿಂದ ಕಂಗಾಲಾಗಿ ಕೂಗುತ್ತಿತ್ತು. ಹನ್ನೆರಡರ ನಡಿಗೆಯೆಂಬುದು ಪಟ್ಟಿಯಲ್ಲಿತ್ತು, ಅಳಿಲುಗಳು ಇರಲಿಲ್ಲ. ಅವನ ದಿನಚರಿಯಲ್ಲಿ ನಿಜವಾಗಿ ಮೆಚ್ಚತಕ್ಕದ್ದು ಇದೇ. ವೇಳೆಗೆ ಗೋಡೆ ಕಟ್ಟಿದ್ದನು. ಆದರೆ ಗೋಡೆಯಲ್ಲಿ ಕಿಟಕಿ ಇಟ್ಟಿದ್ದನು.

ಆ ಗೋಡೆಯೇ ನಡುಗಿದ್ದು 1858ರ ಜೂನ್ ತಿಂಗಳಲ್ಲಿ. ಜೀವಜಾತಿಗಳು ಹೇಗೆ ಮಾರ್ಪಡುತ್ತವೆಂಬ ತನ್ನ ಸಿದ್ಧಾಂತದ ಕರಡನ್ನು ಡಾರ್ವಿನ್ನನು 1842ರಲ್ಲೇ ಬರೆದಿದ್ದನು. 1844ರಲ್ಲಿ ಅದನ್ನು ಹಿಗ್ಗಿಸಿ, ತಾನು ಸತ್ತರೆ ಪ್ರಕಟಿಸಬೇಕೆಂದು ಎಮ್ಮಾಳಿಗೆ ಪತ್ರವನ್ನೂ ಬರೆದಿಟ್ಟಿದ್ದನು. ಅನಂತರ ಎಂಟು ವರ್ಷ ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಂಡು ಬೆಳೆಯುವ ಬಾರ್ನಕಲ್ ಎಂಬ ಜೀವಿಗಳ ಅಧ್ಯಯನ. 1856ರಲ್ಲಿ ತನ್ನ ಮಹಾಗ್ರಂಥಕ್ಕೆ ಕೈಹಾಕಿದನು. ಅವಸರವಿರಲಿಲ್ಲ. ಹತ್ತು ಅಧ್ಯಾಯಗಳು ಮುಗಿದಿದ್ದಾಗ, ಪೂರ್ವದ್ವೀಪಗಳಲ್ಲಿ ಅಲೆಯುತ್ತಿದ್ದ ಆಲ್ಫ್ರೆಡ್ ರಸೆಲ್ ವಾಲೇಸನಿಂದ ಒಂದು ಲಕೋಟೆ ಬಂದಿತು. ಒಳಗಿದ್ದ ಲೇಖನದಲ್ಲಿ ಅದೇ ಸಿದ್ಧಾಂತ!

ಅದೇ ದಿನಗಳಲ್ಲಿ ಮನೆಯಲ್ಲಿ ಮಗಳಿಗೆ ಡಿಫ್ತೀರಿಯ. ಕಿರಿಯ ಕೂಸಿಗೆ ಸ್ಕಾರ್ಲೆಟ್ ಜ್ವರ. ಅದು ಜೂನ್ 28ರಂದು ತೀರಿಕೊಂಡಿತು. ಇಪ್ಪತ್ತು ವರ್ಷಗಳ ದುಡಿಮೆಯ ಮಾತನ್ನು ಆಡುವ ಚೈತನ್ಯವೂ ತಂದೆಗೆ ಉಳಿದಿರಲಿಲ್ಲ. ಗೆಳೆಯರಾದ ಲಯಲ್, ಹೂಕರರ ಏರ್ಪಾಟಿನಿಂದ ಇಬ್ಬರ ಬರಹಗಳನ್ನೂ ಜುಲೈ 1ರಂದು ಲಿನ್ನಿಯನ್ ಸೊಸೈಟಿಯಲ್ಲಿ ಓದಲಾಯಿತು. ಡಾರ್ವಿನ್ನನು ಅಲ್ಲಿರಲಿಲ್ಲ, ವಾಲೇಸನಿಗಂತೂ ವಿಷಯವೇ ತಿಳಿದಿರಲಿಲ್ಲ.

ಅದೇ ಜುಲೈ 20ರಂದು, ಕುಟುಂಬವು ವೈಟ್ ದ್ವೀಪದಲ್ಲಿ ತಂಗಿದ್ದಾಗ, ಡಾರ್ವಿನ್ನನು ಮಹಾಗ್ರಂಥದ ಯೋಜನೆಯನ್ನು ಬದಿಗಿಟ್ಟು ಅದರ ಸಂಗ್ರಹವೊಂದನ್ನು ಬರೆಯತೊಡಗಿದನು. ಯೋಜನೆ ಹೋಯಿತು, ಅಭ್ಯಾಸ ಉಳಿಯಿತು. ದೇಹ ಸಹಕರಿಸಿದ ದಿನಗಳಲ್ಲೆಲ್ಲ ಅದೇ ಬೆಳಗಿನ ಕೆಲಸ, ಅದೇ ಮರಳುಹಾದಿ. ಹದಿಮೂರು ತಿಂಗಳು ಹತ್ತು ದಿನಗಳ ದುಡಿಮೆ. 1859ರ ನವೆಂಬರ್ 24ರಂದು ‘ಜೀವಜಾತಿಗಳ ಉಗಮ’ ಹೊರಬಿದ್ದಿತು. ಮೊದಲು ಅಚ್ಚಾದದ್ದು 1250 ಪ್ರತಿಗಳು. ಆ ಲಕೋಟೆ ಬರದಿದ್ದರೆ ಮಹಾಗ್ರಂಥವು ಸಂಪುಟದ ಮೇಲೆ ಸಂಪುಟವಾಗಿ ಬೆಳೆದು, ಎಷ್ಟು ಮಂದಿ ಅದನ್ನು ಓದುತ್ತಿದ್ದರೋ! ಇಂದಿಗೂ ಸಾಮಾನ್ಯ ಓದುಗನ ಕೈಗೆ ಸಿಕ್ಕುವುದು ಅವಸರದಲ್ಲಿ ಬರೆದ ಆ ಸಂಗ್ರಹವೇ.

ಮರುವರ್ಷದ ಬೇಸಗೆಯಲ್ಲಿ ಬಂದ ಅತಿಥಿ ಇಷ್ಟು ಕ್ರೂರವಾಗಿರಲಿಲ್ಲ. ಸಸೆಕ್ಸಿನ ಹಾರ್ಟ್‌ಫೀಲ್ಡಿನ ಬಳಿ, ಏನೂ ಮಾಡಬಾರದೆಂದೇ ಹೋಗಿ ವಿಶ್ರಮಿಸುತ್ತಿದ್ದಾಗ, ಡ್ರಾಸೆರಾ ಎಂಬ ಪುಟ್ಟ ಕೆಂಪು ಗಿಡದ ಎಲೆಗಳಲ್ಲಿ ಕೀಟಗಳು ಸಿಕ್ಕಿಕೊಂಡಿರುವುದು ಕಣ್ಣಿಗೆ ಬಿದ್ದಿತು. ನಮ್ಮ ಪಶ್ಚಿಮ ಘಟ್ಟದ ಮುರಕಲ್ಲಿನ ಬಯಲುಗಳಲ್ಲೂ ಇದರ ಬಳಗದ ಗಿಡಗಳಿವೆ; ಎಲೆಯ ತುಂಬ ಇಬ್ಬನಿಯಂತೆ ಹೊಳೆಯುವ ಅಂಟುಹನಿಗಳು. ಕೆಲವು ಗಿಡಗಳನ್ನು ಮನೆಗೆ ತಂದು ಮಾಂಸದ ಚೂರು, ಹಾಲು, ಗಾಜಿನ ಪುಡಿ, ಕೊನೆಗೆ ತಲೆಗೂದಲಿನ ಎಳೆಯನ್ನೂ ಎಲೆಯ ಮೇಲಿಟ್ಟು ನೋಡಿದನು. ಗಿಡಗಳು ಪಟ್ಟಿಯೊಳಗೆ ಸೇರಿದವು. ಬೇರೆ ಕೆಲಸಗಳ ನಡುವೆ ಹದಿನೈದು ವರ್ಷ ಬೆಳೆದ ಆ ಕುತೂಹಲವು 1875ರಲ್ಲಿ ಕೀಟಾಹಾರಿ ಸಸ್ಯಗಳ ಮೇಲಿನ ಗ್ರಂಥವಾಯಿತು.

ಡೌನ್ ಮನೆಯ ಹುಲ್ಲಿನಂಗಳದಲ್ಲಿ ಬೀಸುಕಲ್ಲಿನಂತಹ ಒಂದು ಗುಂಡುಕಲ್ಲು ಇದೆ. ಎರೆಹುಳುಗಳು ಅಡಿಯ ಮಣ್ಣನ್ನು ಮೇಲಕ್ಕೆ ತಂದುಹಾಕುವುದರಿಂದ ಕಲ್ಲು ವರ್ಷಕ್ಕೆಷ್ಟು ಇಳಿಯುತ್ತದೆಂದು ಅಳೆಯಲು ಮಗ ಹೊರೇಸನು ಮಾಡಿದ ಏರ್ಪಾಡು ಅದು. ಎರೆಹುಳುಗಳ ವಿಷಯದಲ್ಲಿ ಡಾರ್ವಿನ್ನನ ತಾಳ್ಮೆ ದಂಗುಬಡಿಸುವಂಥದು. ಊರಿಗೆ ಬಂದ ವರ್ಷವೇ, 1842ರ ಡಿಸೆಂಬರಿನಲ್ಲಿ, ಸಮೀಪದ ಹೊಲವೊಂದರ ಮೇಲೆ ಸುಣ್ಣಕಲ್ಲಿನ ಚೂರುಗಳನ್ನು ಹರಡಲಾಗಿತ್ತು. 1871ರ ನವೆಂಬರಿನ ಕೊನೆಯಲ್ಲಿ, ಇಪ್ಪತ್ತೊಂಬತ್ತು ವರ್ಷ ಕಳೆದ ಮೇಲೆ, ಅಲ್ಲಿ ಕಾಲುವೆ ತೋಡಿಸಿ ನೋಡಿದರೆ ಬಿಳಿಯ ಗೆರೆ ಏಳು ಅಂಗುಲ ಆಳಕ್ಕೆ ಇಳಿದಿತ್ತು.

ಇಂತಹ ಕಾಯುವಿಕೆಯ ಪಕ್ಕದಲ್ಲೇ ಕ್ಷಣಕ್ಕೆ ತೋಚಿದ ಹುಚ್ಚಾಟಗಳೂ ನಡೆದವು. ಹುಳುಗಳಿಗೆ ಕಿವಿಯುಂಟೇ ಎಂದು ತಿಳಿಯಲು ಸೀಟಿ ಊದಿಸಿದನು. ಬಸೂನ್ ಎಂಬ ಗಡಸು ದನಿಯ ವಾದ್ಯವನ್ನು ನುಡಿಸಿ ನೋಡಿದ್ದಾಯಿತು. ಹುಳುಗಳು ಜಪ್ಪಯ್ಯ ಎನ್ನಲಿಲ್ಲ. ಕುಂಡಗಳನ್ನು ಪಿಯಾನೋದ ಮೇಲೆಯೇ ಇಟ್ಟು ತಗ್ಗು ಸ್ವರವೊಂದನ್ನು ಒತ್ತಿದಾಗ ಮಾತ್ರ ಅವು ಥಟ್ಟನೆ ಬಿಲ ಸೇರಿದವು. ನಾದ ಕೇಳಿಸಿ ಅಲ್ಲ, ಕಂಪನ ತಾಗಿ. ಈ ಗ್ರಂಥವು 1881ರ ಅಕ್ಟೋಬರಿನಲ್ಲಿ ಪ್ರಕಟವಾಯಿತು.

1882ರ ಮಾರ್ಚ್ 7ರಂದು ಮರಳುಹಾದಿಯಲ್ಲಿ ನಡೆಯುತ್ತಿದ್ದಾಗ ಎದೆನೋವು ಬಂದಿತು. ಅವನು ಮತ್ತೆ ಆ ಹಾದಿಯನ್ನು ತುಳಿಯಲಿಲ್ಲ. ಏಪ್ರಿಲ್ 17ರಂದು ಸ್ವಲ್ಪ ಗೆಲುವಾಗಿದ್ದನು. ಫ್ರಾನ್ಸಿಸನು ಊರಿನಲ್ಲಿರಲಿಲ್ಲ, ಅವನು ನಡೆಸುತ್ತಿದ್ದ ಪ್ರಯೋಗವೊಂದು ಮನೆಯಲ್ಲಿತ್ತು. ತಂದೆಯು ಅದು ಎಲ್ಲಿಗೆ ಬಂದಿದೆಯೆಂದು ನೋಡಿ, ಮಗನಿಗಾಗಿ ಗುರುತು ಹಾಕಿಟ್ಟನು. ಎರಡು ದಿನಗಳ ಮೇಲೆ, 19ರಂದು ಸಂಜೆ, ತೀರಿಕೊಂಡನು.