ಗಡಿಯಾರ ತಪ್ಪಿದ ಗಣಕಯಂತ್ರ



ಕಿನ್ನರದ ನಮ್ಮ ಮನೆಯಲ್ಲಿ 2023ರ ಜೂನ್ ತಿಂಗಳಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಇದರಲ್ಲಿ ಉಪಯೋಗಕ್ಕೆ ಬರುವ ಪಾಠವೊಂದಿದೆ. ನಾನು ತೀರಿಸಬೇಕಾದ ಹಳೆಯ ಬಾಕಿಯೊಂದೂ ಇದೆ.

ಮಳೆಗಾಲದಲ್ಲಿ ಗುಡುಗು ಕೇಳಿದೊಡನೆ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ನಮ್ಮ ಮನೆಯ ರೂಢಿ. ಆ ಶನಿವಾರ ರಾತ್ರಿಯೂ ಹಾಗೆಯೇ ಮಾಡಿದ್ದೆ. ಮರುದಿನ ಸಂಜೆ ಮಸ್ಕತ್‌ನಿಂದ ಮೊಮ್ಮಗಳು ತಾನು ಕಲಿತ ಕನ್ನಡ ಅಕ್ಷರಗಳನ್ನು ಅಜ್ಜಿಗೆ ಓದಿ ತೋರಿಸುವವಳಿದ್ದಳು. ನನ್ನ ಪತ್ನಿಗೆ ದೃಷ್ಟಿ ಮಂದ. ಮೊಬೈಲಿನ ಪುಟ್ಟ ಪರದೆಯಲ್ಲಿ ಮಗುವಿನ ಮುಖ ಕಾಣದು. ನನ್ನ ಹಳೆಯ ಗಣಕಯಂತ್ರವೇ ಆಸರೆ. ಬೆಳಿಗ್ಗೆ ಅದನ್ನು ಚಾಲೂ ಮಾಡಿದರೆ ಒಂದು ಜಾಲತಾಣವೂ ತೆರೆಯಲೊಲ್ಲದು. ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆಯೊಂದೇ ಕಾಣುತ್ತಿತ್ತು.

ತಂತಿಯೇ ಕೆಟ್ಟಿದೆಯೆಂದು ನಾನು ತೀರ್ಮಾನಿಸಿಬಿಟ್ಟೆ. ಊರಿನಲ್ಲಿ ಅಂತರಜಾಲದ ತಂತಿ ನೋಡಿಕೊಳ್ಳುವವನು ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಫೋನು ಮಾಡಿ ಕಟುವಾಗಿಯೇ ಮಾತನಾಡಿದೆ. ಅವನು ಎದುರಾಡದೆ ಜಡಿಮಳೆಯಲ್ಲಿ ನೆನೆದುಕೊಂಡು ಬಂದ.

ಮೊದಲು ಮೋಡೆಮ್ಮಿನ ದೀಪಗಳನ್ನು ನೋಡಿದ. “ತಂತಿ ಹೋಗಿದ್ದರೆ ಕೆಂಪು ದೀಪ ಉರಿಯುತ್ತಿತ್ತು, ಮಾಸ್ತರರೇ” ಎಂದ. ತನ್ನ ಮೊಬೈಲನ್ನು ನಮ್ಮ ವೈಫೈಗೆ ಜೋಡಿಸಿದ. ಪತ್ರಿಕೆಯ ಪುಟ ಕೂಡಲೇ ತೆರೆಯಿತು. ಅಂದರೆ ತಂತಿಯೂ ಮೋಡೆಮ್ಮೂ ನಿರ್ದೋಷಿಗಳು. ಬಳಿಕ ಗಣಕದ ಕಪ್ಪು ಕಿಟಕಿಯಲ್ಲಿ ‘ಪಿಂಗ್’ ಎಂಬ ಆಜ್ಞೆ ಬರೆದು 8.8.8.8 ಎಂಬ ವಿಳಾಸವನ್ನು ಕರೆದ, ಉತ್ತರ ಬಂತು. ಅಂಕಿಗಳ ಬದಲು ಒಂದು ತಾಣದ ಹೆಸರು ಬರೆದ. ಆಗಲೂ ಉತ್ತರ ಬಂತು. ಕೊನೆಗೆ ಪರದೆಯ ಬಲ ಮೂಲೆಯತ್ತ ಬೆರಳು ತೋರಿಸಿದ. ಅಲ್ಲಿದ್ದ ತಾರೀಖು 2010ರ ಜನವರಿ 1!

ವಿಷಯವಿಷ್ಟೇ. ಗಣಕದೊಳಗೆ ಸಿಆರ್ 2032 ಎಂಬ ನಾಣ್ಯದಾಕಾರದ ಬ್ಯಾಟರಿಯಿದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಿನಲ್ಲಿಯೇ ಅಳತೆಯಿದೆ. ವಿದ್ಯುತ್ತು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಅದು ಸತ್ತಿತ್ತು, ಪ್ಲಗ್ಗು ಕಿತ್ತೊಡನೆ ಯಂತ್ರವು ಕಾಲವನ್ನು ಮರೆತಿತ್ತು. ಸುರಕ್ಷಿತ ಜಾಲತಾಣಗಳು ತಮ್ಮ ಗುರುತಿಗಾಗಿ ಪ್ರಮಾಣಪತ್ರ ತೋರಿಸುತ್ತವೆ. ಅದಕ್ಕೆ ವಿದ್ಯಾರ್ಥಿಗಳ ಬಸ್ ಪಾಸಿನಂತೆ ಆರಂಭದ ದಿನವೂ ಮುಗಿಯುವ ದಿನವೂ ಉಂಟು. 2010ರಲ್ಲಿ ಕುಳಿತ ಯಂತ್ರಕ್ಕೆ 2023ರ ಪತ್ರಗಳೆಲ್ಲ ಇನ್ನೂ ಆರಂಭವಾಗದ ಪಾಸುಗಳು! ಆದ್ದರಿಂದ ಜಗತ್ತನ್ನೇ ಅದು ನಂಬದೆ ಹೋಯಿತು. ತಾರೀಖು ತಿದ್ದಿದ ಕ್ಷಣದಲ್ಲಿ ಎಲ್ಲವೂ ಸರಿಹೋಯಿತು. ಬ್ಯಾಟರಿಯನ್ನು ಮರುದಿನ ಕಾರವಾರದಿಂದ ತಂದು ಹಾಕಿಸಿದೆ.

ಅವನು ಚಹಾ ಕುಡಿಯುತ್ತಿದ್ದಾಗ ನನಗೊಂದು ಹಳೆಯ ಬೆಳಗು ನೆನಪಾಯಿತು. ಆಗ ಅವನು ಐದನೆಯ ತರಗತಿ. ಕಾಳಿ ನದಿಯ ಆಚೆ ದಡದಿಂದ ದೋಣಿಯಲ್ಲಿ ಬರುತ್ತಿದ್ದ. “ತಡವಾಗಲಿಲ್ಲ, ಗಂಟೆ ಈಗ ಹೊಡೆಯಬೇಕಷ್ಟೆ” ಎಂದು ಅವನು ಹೇಳಿದರೂ ಕೇಳದೆ, ನನ್ನ ಕೈಗಡಿಯಾರ ತೋರಿಸಿ ಇಡೀ ಅವಧಿ ಹೊರಗೆ ನಿಲ್ಲಿಸಿದ್ದೆ. ಅಂದು ಸಂಜೆ ಆಕಾಶವಾಣಿಯ ವಾರ್ತೆಗೆ ಹೊಂದಿಸಿ ನೋಡಿದಾಗ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಅದನ್ನು ತಿದ್ದಿಕೊಂಡೆ, ಹುಡುಗನಿಗೆ ಮಾತ್ರ ಹೇಳಲಿಲ್ಲ. ಮಾಸ್ತರನ ಮರ್ಯಾದೆ ಅಡ್ಡ ಬಂದಿತ್ತು.

ಈಗ ಹೇಳಿದೆ. ಬೆಳಗಿನ ಕಟುಮಾತಿಗೂ ಸೇರಿಸಿ ಕ್ಷಮೆ ಕೇಳಿದೆ. ಅವನು ನಕ್ಕು, “ನೆನಪಿದೆ ಮಾಸ್ತರರೇ, ಕಿಟಕಿಯಿಂದ ಪಾಠ ಕೇಳಿಸುತ್ತಿತ್ತು” ಎಂದು ರೇನ್‌ಕೋಟು ತೊಟ್ಟುಕೊಂಡು ಹೊರಟ.

ಸಂಜೆ ಮೊಮ್ಮಗಳು ಅಕ್ಷರಮಾಲೆಯನ್ನು ಪೂರ್ತಿಯಾಗಿ ಓದಿದಳು. ‘ಳ’ಕಾರದಲ್ಲಿ ತೊಡರಿದಳು. ತಿದ್ದಲು ಬಾಯಿ ತೆರೆದವನು ಸುಮ್ಮನಾದೆ. ಎರಡನೆಯ ಸಲ ಅವಳೇ ಸರಿಯಾಗಿ ಹೇಳಿದಳು.

ನನ್ನ ತರಗತಿಯ ಹೊರಗೆ ನಿಂತಿದ್ದವರು ನಿಮ್ಮಲ್ಲಿ ಇನ್ನೂ ಯಾರಾದರೂ ಇದ್ದರೆ, ಈ ಬರಹ ನಿಮಗಾಗಿಯೂ ಹೌದು.