ಜೋನಳ ಕೂದಲು, ಜೋನಳ ಕವಚ

ಸಂತ ಜೋನ್ ಆಫ್ ಆರ್ಕ್ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು ಆಕೆಯ ಉಡುಪಿಗೆ ಸಂಬಂಧಿಸಿದ್ದು. ಗಂಡಸರ ಬಟ್ಟೆ ತೊಟ್ಟಳು ಎಂಬುದೇ ಅಪರಾಧ. ಸೆರೆಯಲ್ಲಿ ಹೆಂಗಸರ ಉಡುಪಿಗೆ ಒಪ್ಪಿದವಳು ಕೆಲವೇ ದಿನಗಳಲ್ಲಿ ಮತ್ತೆ ಹಳೆಯ ಉಡುಪು ಧರಿಸಿದಳು. ಮರಣದಂಡನೆಗೆ ಅದೂ ಒಂದು ಮುಖ್ಯ ಕಾರಣವಾಯಿತು. 1431ರ ಮೇ 30ರಂದು ಫ್ರಾನ್ಸಿನ ರುವಾನ್ ಪಟ್ಟಣದಲ್ಲಿ, ಸುಮಾರು 19ರ ಆ ಹುಡುಗಿಯನ್ನು ಜೀವಂತ ಸುಟ್ಟರು. ತೀರ್ಪಿತ್ತವರು ನನ್ನಂತೆಯೇ ದೇವಶಾಸ್ತ್ರ ಓದಿದವರು. ಆ ತೀರ್ಪು 1456ರಲ್ಲಿ ರದ್ದಾಯಿತು, 1920ರಲ್ಲಿ ಆಕೆಗೆ ಸಂತ ಪದವಿ ದೊರೆಯಿತು. ಹೆಣ್ಣಿನ ಬಟ್ಟೆಬರೆಯ ಬಗ್ಗೆ ಬರೆಯಲು ಪೆನ್ನು ಹಿಡಿಯುವ ಯಾಜಕನಿಗೆ ಇದರ ನೆನಪಿದ್ದರೆ ಒಳ್ಳೆಯದು.

ಗುರುಮಠದಲ್ಲಿದ್ದಾಗ ಎರಡು ಶನಿವಾರ ಜೋನಳ ಎರಡು ಚಿತ್ರಗಳನ್ನು ನೋಡಿದೆವು. ಮೊದಲನೆಯದು ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ ಫ್ರಾನ್ಸಿನಲ್ಲಿ ತೆಗೆದ 1928ರ ಮೂಕಿ ಚಿತ್ರ. ಜೋನಳಾಗಿ ನಟಿಸಿದ ಫಾಲ್ಕೊನೆಟ್ಟಿ ರಂಗಭೂಮಿಯಿಂದ ಬಂದವರು. ಯಾರ ಮುಖಕ್ಕೂ ಬಣ್ಣ ಹಚ್ಚಬಾರದೆಂದು ಡ್ರೇಯರ್ ನಿಶ್ಚಯಿಸಿದ್ದರು. ಹಾಗಾಗಿ ಒಡೆದ ತುಟಿ, ಕಣ್ಣಿನ ಸುತ್ತಲಿನ ಗೆರೆ, ನ್ಯಾಯಾಧೀಶರ ಗಲ್ಲದ ಮೇಲಿನ ಗಂಟು ಎಲ್ಲವೂ ಪರದೆಯ ತುಂಬ ಕಾಣುತ್ತವೆ. ಕೂದಲು ಕತ್ತರಿಸುವ ದೃಶ್ಯದಲ್ಲಿ ನಟಿಯ ನಿಜವಾದ ಕೂದಲನ್ನೇ ಕತ್ತರಿಸಿದರು. ಸದಾ ಗದ್ದಲ ಮಾಡುತ್ತಿದ್ದ ನಮ್ಮ ಕೋಣೆಯಲ್ಲಿ ಆಗ ಕೆಮ್ಮಿದ ಸದ್ದೂ ಇರಲಿಲ್ಲ.

ಮರುವಾರ ನೋಡಿದ್ದು ಹಾಲಿವುಡ್‌ನ ಜೋನ್, 1948ರ ಬಣ್ಣದ ಚಿತ್ರ. ನಾಯಕಿ ಇಂಗ್ರಿಡ್ ಬರ್ಗ್‌ಮನ್. ಬಹಳ ಒಳ್ಳೆಯ ನಟಿ, ಅದರಲ್ಲಿ ಸಂಶಯವಿಲ್ಲ. ಆದರೆ ಕವಚ ಫಳಫಳ ಹೊಳೆಯುತ್ತದೆ, ಚರ್ಮದಲ್ಲಿ ಒಂದು ಕಲೆಯಿಲ್ಲ. ವಸ್ತ್ರವಿನ್ಯಾಸಕ್ಕೆ ಆಸ್ಕರ್ ಕೊಡಲು ಶುರುಮಾಡಿದ ಮೊದಲ ವರ್ಷವೇ, ಬಣ್ಣದ ಚಿತ್ರಗಳ ವಿಭಾಗದಲ್ಲಿ ಈ ಚಿತ್ರಕ್ಕೆ ಆ ಪ್ರಶಸ್ತಿ ಬಂತು. ಉಡುಪಿನ ಕಾರಣಕ್ಕೆ ಸುಡಲ್ಪಟ್ಟವಳ ಉಡುಪಿಗೆ ಬಹುಮಾನ! ಅಂದು ನಾವೆಲ್ಲ ಮೆಚ್ಚಿಕೊಂಡೇ ಎದ್ದೆವು. ಯಾರೂ ಮೌನವಾಗಲಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ವ್ಯಾಪಾರದಲ್ಲಿದೆ. ಹಾಲಿವುಡ್ ಸ್ಟುಡಿಯೋಗಳಿಗೆ ತಾರೆಯ ಮುಖವೇ ಬಂಡವಾಳ. ಕಣ್ಣಿನ ಕೆಳಗೆ ನೆರಳು ಬೀಳದಂತೆ ದೀಪಗಳನ್ನು ಹೊಂದಿಸುವುದು ಅಲ್ಲಿ ಒಂದು ವಿದ್ಯೆಯೇ ಆಗಿತ್ತು. ಸಿನಿಮಾ ನಟಿಯರಿಗೆಂದು ಮ್ಯಾಕ್ಸ್ ಫ್ಯಾಕ್ಟರ್ ತಯಾರಿಸಿದ ಪ್ರಸಾಧನಗಳು ಅಲ್ಲಿಂದಲೇ ಮನೆಮನೆಯ ಹೆಂಗಸರಿಗೂ ಮಾರಾಟವಾದವು. ಪರದೆಯ ಮೇಲಿನ ಮುಖ ಕಥೆಯನ್ನೂ ಹೇಳುತ್ತಿತ್ತು, ಅಂಗಡಿಯ ದಾರಿಯನ್ನೂ ತೋರಿಸುತ್ತಿತ್ತು.

ಆಗ ನಮ್ಮ ಧರ್ಮಸಭೆಯವರು ಸುಮ್ಮನೆ ಕೂತಿರಲಿಲ್ಲ. ಹಾಲಿವುಡ್‌ನ 1930ರ ನೀತಿಸಂಹಿತೆಯನ್ನು ಬರೆದವರಲ್ಲಿ ಡೇನಿಯಲ್ ಲಾರ್ಡ್ ಎಂಬ ಯೇಸುಸಭೆಯ ಗುರು ಪ್ರಮುಖರು. 1934ರಿಂದ ಅದನ್ನು ಬಿಗಿಯಾಗಿ ಜಾರಿಗೊಳಿಸಿದ ಜೋಸೆಫ್ ಬ್ರೀನ್ ಕೂಡ ಕಥೋಲಿಕರೇ. 1968ರಲ್ಲಿ ಅದು ಕೊನೆಗೊಂಡಿತು. ಉಡುಪಿಗೆಂದೇ ಅದರಲ್ಲಿ ಒಂದು ಭಾಗವಿತ್ತು. ಎಷ್ಟು ಮುಚ್ಚಬೇಕು, ಎಷ್ಟು ತೋರಬಾರದು ಎಂಬುದರ ಮೇಲೆಯೇ ಅದರ ಕಣ್ಣು. ಕುತ್ತಿಗೆಯವರೆಗೆ ಮುಚ್ಚಿದ ಹೆಣ್ಣನ್ನೂ ಅಂಗಡಿಯ ಗಾಜಿನ ಹಿಂದಿನ ಬೊಂಬೆಯಂತೆ ನಿಲ್ಲಿಸಬಹುದೆಂಬುದು ಆ ಹಿರಿಯರ ಗಮನಕ್ಕೆ ಬಂದಂತಿಲ್ಲ.

2014ರ ಬೆಲ್ಜಿಯಂ ಚಿತ್ರ 'ಟು ಡೇಸ್, ಒನ್ ನೈಟ್' ನೋಡಿದಾಗ ನನಗೆ ಇದು ಇನ್ನಷ್ಟು ಸ್ಪಷ್ಟವಾಯಿತು. ಡಿಯೋರ್ ಕಂಪನಿಯ ಜಾಹೀರಾತುಗಳಲ್ಲಿ ಮಿಂಚುತ್ತಿದ್ದ ಮಾರಿಯಾನ್ ಕೊಟಿಯಾರ್ ಇಲ್ಲಿ ಕಾರ್ಖಾನೆಯ ಕೆಲಸಗಾರ್ತಿ. ಅವಳ ಕೆಲಸ ಉಳಿಯಬೇಕಾದರೆ ಜೊತೆಗಾರರು ತಮ್ಮ ಸಾವಿರ ಯೂರೋ ಬೋನಸ್ ಬಿಟ್ಟುಕೊಡಬೇಕು. ತೋಳಿಲ್ಲದ ಬನಿಯನ್, ಜೀನ್ಸ್, ಹಿಂದಕ್ಕೆ ಎಳೆದು ಕಟ್ಟಿದ ಜುಟ್ಟು. ಬ್ರೀನ್ ಅವರ ಕಚೇರಿ ಏನನ್ನುತ್ತಿತ್ತೋ! ಆದರೆ ಭುಜ ಬರಿದಾಗಿದೆಯೆಂಬುದು ನೋಡುವವರ ಮನಸ್ಸಿಗೇ ಬರುವುದಿಲ್ಲ. ಮುಂದಿನ ಮನೆಯವರು ಬಾಗಿಲು ತೆಗೆಯುತ್ತಾರೋ ಇಲ್ಲವೋ ಎಂಬ ಆತಂಕವೇ ಮೇಲಾಗುತ್ತದೆ.

ಹಾಗೆಂದು ಯೂರೋಪಿನವರೆಲ್ಲ ಸಾಧುಗಳಲ್ಲ. 1956ರಲ್ಲಿ ಬ್ರಿಜಿತ್ ಬಾರ್ದೋಳನ್ನು ಹೇಗೆ ತೋರಿಸಿ ದುಡ್ಡು ಮಾಡಿದರೆಂಬುದು ಲೋಕಕ್ಕೇ ಗೊತ್ತು. ಹಾಲಿವುಡ್‌ನಲ್ಲೂ 1940ರ 'ದ ಗ್ರೇಪ್ಸ್ ಆಫ್ ರಾತ್' ಇದೆ. ಜಮೀನು ಕಳೆದುಕೊಂಡು ಊರು ಬಿಡುವ ತಾಯಿ ಹಳೆಯ ಕಾಗದಪತ್ರಗಳನ್ನು ಬೆಂಕಿಗೆ ಹಾಕುತ್ತಾಳೆ. ಕೈಗೆ ಸಿಕ್ಕ ಓಲೆಗಳನ್ನು ಕಿವಿಗೆ ಹಿಡಿದು ತನ್ನ ಪ್ರತಿಬಿಂಬ ನೋಡಿಕೊಳ್ಳುತ್ತಾಳೆ. ಜೇನ್ ಡಾರ್‌ವೆಲ್‌ರ ಆ ದಪ್ಪ, ದಣಿದ ಮುಖ ಆ ಕ್ಷಣದಲ್ಲಿ ಎಷ್ಟು ಚೆಂದ! ಒಡವೆಯನ್ನು ಜರೆಯುವ ಪ್ರಸಂಗಗಳಿಗಿಂತ ನನಗೆ ಈ ದೃಶ್ಯ ಹೆಚ್ಚು ಇಷ್ಟ.

ಕಳೆದ ತಪಸ್ಸುಕಾಲದಲ್ಲಿ, ಕಾಸರಗೋಡು ಕಡೆಯ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಇಟಲಿಯ 'ಬೈಸಿಕಲ್ ಥೀವ್ಸ್' ತೋರಿಸಿದೆ. ಅದೂ 1948ರದ್ದೇ. ಮರಿಯಾಳಾಗಿ ನಟಿಸಿದ ಲಿಯಾನೆಲ್ಲಾ ಕರೆಲ್ ವೃತ್ತಿಯಿಂದ ಪತ್ರಕರ್ತೆ. ಮೊದಲಿಗೆ ನಮ್ಮ ಹುಡುಗಿಯರಿಗೆ ನಿರಾಶೆಯೇ ಆಯಿತು. "ಫಾದರ್, ಹೀರೋಯಿನ್ ಎಲ್ಲಿ?" ಎಂದು ಒಬ್ಬಳು ಕೇಳಿಯೇ ಬಿಟ್ಟಳು. ಮಾಸಿದ ಬಟ್ಟೆಯಲ್ಲಿ ನೀರಿನ ಬಕೆಟ್ ಹೊತ್ತು ಬಂದವಳೇ ಹೀರೋಯಿನ್ ಎಂದೆ, ನಕ್ಕರು. ಗಂಡನ ಸೈಕಲ್ ಬಿಡಿಸಲು ಮರಿಯಾ ಹಾಸಿಗೆಯ ಬೆಡ್‌ಶೀಟುಗಳನ್ನೇ ಕಿತ್ತು ಅಡವಿಡುತ್ತಾಳೆ. ಆ ಗಂಟನ್ನು ಹಿಡಿದುಕೊಂಡು ಅಂಗಡಿಯವನು ಎತ್ತರದ ಕಪಾಟು ಹತ್ತುತ್ತಾನೆ. ಅಲ್ಲಿ ಊರಿನವರ ಗಂಟುಗಳು ಸಾಲುಸಾಲಾಗಿವೆ. ನಗು ಅಲ್ಲಿಗೆ ನಿಂತಿತು.

ಚಿತ್ರ ಮುಗಿದ ಮೇಲೆ, ಬೀಡಿ ಕಟ್ಟಿ ಮೂವರು ಮಕ್ಕಳನ್ನು ಓದಿಸಿದ ಅಜ್ಜಿಯೊಬ್ಬರು ಹಿಂದಿನ ಬೆಂಚಿನಿಂದ ಎದ್ದು ಬಂದರು. "ಅಡವಿಟ್ಟ ಆ ಬೆಡ್‌ಶೀಟ್ ಮತ್ತೆ ಬಿಡಿಸಿಕೊಂಡರಾ ಫಾದರ್?" ಎಂದು ಕೇಳಿದರು. ಅದು ಚಿತ್ರದಲ್ಲಿಲ್ಲ ಅಜ್ಜಿ, ಎಂದೆ.